ಕಳವಳದ ನಡುವೆ ಕ್ರಿಸ್ತನ ಶಾಂತಿ: ಮುಂಬೈ ವಿಶ್ವಾಸಿಗಳಿಗೆ ಹಂತಹಂತವಾದ ದಾರಿ

"ದಿನಾ ಪ್ರಾರ್ಥನೆ ಮಾಡ್ತೀನಿ, ಆದ್ರೂ ಮನಸ್ಸಿಗೆ ಸಮಾಧಾನ ಇಲ್ಲ. ನನ್ನ ವಿಶ್ವಾಸದಲ್ಲೇ ಏನೋ ಕೊರತೆ ಇದೆಯಾ?" ಭಾನುವಾರದ ಕನ್ನಡ ಆರಾಧನೆ ಮುಗಿದ ಮೇಲೆ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಬೀದರ್, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು, ಮಂಗಳೂರು ಉಡುಪಿಯವರು, ಧಾರವಾಡದವರು, ಇಲ್ಲೇ ಹುಟ್ಟಿ ಬೆಳೆದ ಮಕ್ಕಳು, ಎಲ್ಲರದ್ದೂ ಇದೇ ಪ್ರಶ್ನೆ. ನರ್ಸ್ ಕೆಲಸದ ತಂಗಿಯೂ ಕೇಳುತ್ತಾಳೆ, ನಿವೃತ್ತಿಯಾದ ಮೇಷ್ಟ್ರೂ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಒಂದು ಮಾತು ತಲೆಯಲ್ಲಿರಲಿ. ಕಷ್ಟ ತೀರಿದ ಮೇಲೆ ಸಿಗುವ ನೆಮ್ಮದಿ ಬೇರೆ, ಕ್ರಿಸ್ತನು ಕೊಡುವ ಶಾಂತಿ ಬೇರೆ. "ನನ್ನಲ್ಲಿರುವಂಥ ಶಾಂತಿಯನ್ನು ನಿಮಗೆ ಕೊಡುತ್ತೇನೆ" ಎಂದು ಯೇಸು ಶಿಷ್ಯರಿಗೆ ಹೇಳಿದ್ದು (ಯೋಹಾನ 14:27) ತಾನು ಸೆರೆ ಸಿಕ್ಕುವ ರಾತ್ರಿ. ಮರುದಿನ ಶಿಲುಬೆ. ಲೋಕದಲ್ಲಿ ನಿಮಗೆ ಸಂಕಟವಿರುತ್ತದೆ ಎಂದು ಆತನು ಹೇಳಿದ್ದೂ ಅದೇ ಮಾತುಕತೆಯಲ್ಲಿ (16:33). ಸಂಕಟವೂ ಶಾಂತಿಯೂ ಒಂದೇ ಮನೆಯಲ್ಲಿ, ಒಂದೇ ದಿನದಲ್ಲಿ ಇರಬಲ್ಲವು. "ಸಾಲ ತೀರಲಿ, ಆಮೇಲೆ ಸಮಾಧಾನ" ಎಂದು ಕಾಯುತ್ತಾ ಕೂತರೆ ಮುಂಬೈಯಲ್ಲಿ ಆ 'ಆಮೇಲೆ' ಬರುವುದೇ ಇಲ್ಲ.

ಬೈಬಲಿನಲ್ಲಿ ಶಾಂತಿಯ ವಿಷಯವಾಗಿ ಎರಡು ಮಾತುಗಳಿವೆ. ಒಂದು, ನಂಬಿಕೆಯ ಮೂಲಕ ದೇವರೊಂದಿಗೆ ಆಗುವ ಸಮಾಧಾನ (ರೋಮಾ 5:1). ಇದು ಸಂಬಂಧ, ನಮ್ಮ ಮನಸ್ಸು ಏರಿದರೂ ಇಳಿದರೂ ಬದಲಾಗದು. ಇನ್ನೊಂದು, ಹೃದಯವನ್ನು ಕಾಯುವ ದೇವಶಾಂತಿ (ಫಿಲಿಪ್ಪಿ 4:7). ಇದು ದಿನದಿನದ ಅನುಭವ, ಇದರಲ್ಲಿ ಬೆಳೆಯಬೇಕಾಗುತ್ತದೆ. ಎರಡನೆಯದು ಕಾಣದ ದಿನ ಮೊದಲನೆಯದೂ ಹೋಯಿತೆಂದು ಹೆದರುವವರು ಬಹಳ. ಹಾಗಲ್ಲ. ಕೆಳಗಿನ ಹಂತಗಳೆಲ್ಲ ಎರಡನೆಯದರ ಅಭ್ಯಾಸಕ್ಕೆ.

ಬೇಕಾಗಿರುವುದು

ನಿಮಗೆ ಸಲೀಸಾಗಿ ಓದಲು ಬರುವ ಒಂದು ಬೈಬಲು. ಇಂಗ್ಲಿಷಿನಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷೇ ಇರಲಿ, ತಕರಾರಿಲ್ಲ. ಆದರೆ ಅಜ್ಜಿಯ ಬಾಯಿಂದ ಕೇಳಿದ ಕನ್ನಡ ವಾಕ್ಯ ಕಷ್ಟದ ಗಳಿಗೆಯಲ್ಲಿ ತಾನಾಗಿ ನಾಲಿಗೆಗೆ ಬರುತ್ತದೆ. ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ಪ್ರಯತ್ನದಿಂದ. ಅಂದಿನಿಂದ ಎಷ್ಟೋ ತಲೆಮಾರಿನವರು ಕನ್ನಡದಲ್ಲೇ ಅತ್ತಿದ್ದಾರೆ, ಕನ್ನಡದಲ್ಲೇ ಸ್ತುತಿಸಿದ್ದಾರೆ. ಓದಲು ಬಾರದಿದ್ದರೆ ಮೊಬೈಲಿನಲ್ಲಿ ಆಡಿಯೋ ಬೈಬಲು ಸಿಗುತ್ತದೆ. ಜೊತೆಗೆ ಒಂದು ಸಾದಾ ನೋಟ್‌ಬುಕ್ಕು, ದಿನಕ್ಕೆ ಇಪ್ಪತ್ತು ನಿಮಿಷ, ಮತ್ತು ಬಾಯಿ ಬಿಗಿಹಿಡಿಯಬಲ್ಲ ಒಬ್ಬ ವಿಶ್ವಾಸಿ ಸ್ನೇಹಿತರು. ಕೊನೆಯದನ್ನು ಹುಡುಕುವುದೇ ಕಷ್ಟ. ಏಳನೇ ಹಂತದಲ್ಲಿ ಹೇಳುತ್ತೇನೆ.

ಶುರುವಿಗೆ ಮುಂಚೆ ಒಂದು ಎಚ್ಚರಿಕೆ

ವಾರಗಟ್ಟಲೆ ನಿದ್ದೆ ಇಲ್ಲದಿರುವುದು, ಊಟ ಸೇರದಿರುವುದು, ಇದ್ದಕ್ಕಿದ್ದಂತೆ ಎದೆ ಬಡಿದುಕೊಂಡು ಉಸಿರು ಕಟ್ಟುವುದು, ಬದುಕೇ ಬೇಡ ಎನ್ನಿಸುವುದು: ಇವು ಇದ್ದರೆ ಡಾಕ್ಟರರನ್ನು ಕಾಣಿ. ಎದೆಯ ತೊಂದರೆಯಾದರೆ ಹೃದಯದ ತಪಾಸಣೆಯೂ ಆಗಲಿ. ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ. ಸಾಯುವ ಯೋಚನೆ ಬರುತ್ತಿದ್ದರೆ ಈ ಲೇಖನ ಇಲ್ಲಿಗೇ ನಿಲ್ಲಿಸಿ, ಮೊದಲು ಆ ನಂಬರಿಗೆ ಫೋನ್ ಮಾಡಿ, ಮನೆಯಲ್ಲಿ ಯಾರಿಗಾದರೂ ಹೇಳಿ.

ಇದು ವಿಶ್ವಾಸದ ಕೊರತೆಯಲ್ಲ. ಪ್ರವಾದಿ ಎಲೀಯನು "ಸಾಕು, ನನ್ನ ಪ್ರಾಣ ತೆಗೆದುಕೋ" ಎಂದು ಬೇಡಿ ಗಿಡದ ಕೆಳಗೆ ಮಲಗಿದಾಗ ದೇವದೂತನು ಅವನಿಗೆ ಪ್ರಸಂಗ ಮಾಡಲಿಲ್ಲ. ಎರಡು ಸಲ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ನಡುವೆ ನಿದ್ದೆ ಮಾಡಲು ಬಿಟ್ಟನು (1 ಅರಸುಗಳು 19). ದೇವರ ಮಾತು ಬಂದದ್ದು ಆಮೇಲೆ. ಪೌಲನ ಜೊತೆಗಾರ ಲೂಕನು ವೈದ್ಯನಾಗಿದ್ದನು. "ಮಾತ್ರೆ ಬಿಟ್ಟು ಬರೀ ಪ್ರಾರ್ಥನೆ ಮಾಡು" ಎಂದು ಯಾರೇ ಹೇಳಲಿ, ಎಷ್ಟು ದೊಡ್ಡ ಬೋಧಕರೇ ಆಗಿರಲಿ, ಕೇಳಬೇಡಿ.

1. ಚಿಂತೆಗಳನ್ನು ಒಂದೊಂದಾಗಿ ಬರೆಯಿರಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಹೆಚ್ಚಿನವರು ದಾಟಿ ಹೋಗುವುದೂ ಇದನ್ನೇ.

"ಯಾವ ಸಂಬಂಧವಾಗಿಯೂ ಚಿಂತೆಮಾಡದೆ" ಎಂಬ ಮಾತನ್ನು ನಾವು ಕ್ಯಾಲೆಂಡರಿನಲ್ಲಿ ಓದಿ ಅಲ್ಲಿಗೇ ಬಿಡುತ್ತೇವೆ. ಪೌಲನು ಅಲ್ಲಿಗೆ ಬಿಡಲಿಲ್ಲ. ಸರ್ವವಿಷಯದಲ್ಲಿ ಪ್ರಾರ್ಥನೆ ವಿಜ್ಞಾಪನೆಗಳನ್ನು ಮಾಡಿ, ಕೃತಜ್ಞತಾಸ್ತುತಿಯೊಡನೆ ನಿಮ್ಮ ಬಿನ್ನಹಗಳನ್ನು ತಿಳಿಯಪಡಿಸಿರಿ ಎಂದನು (ಫಿಲಿಪ್ಪಿ 4:6). ವಿಜ್ಞಾಪನೆ ಎಂದರೆ ಇಂಥದ್ದು ಬೇಕು ಎಂದು ಬಿಡಿಸಿ ಕೇಳುವುದು. ಇದನ್ನು ಬರೆಯುವಾಗ ಅವನು ಸೆರೆಯಲ್ಲಿದ್ದನು, ತನ್ನ ವಿಚಾರಣೆ ಏನಾಗುವುದೆಂದು ಅವನಿಗೇ ತಿಳಿದಿರಲಿಲ್ಲ.

ಆದ್ದರಿಂದ ನೋಟ್‌ಬುಕ್ಕು ತೆರೆದು ಒಂದು ಸಾಲಿಗೆ ಒಂದೇ ಚಿಂತೆ ಬರೆಯಿರಿ. "ಮನೆ ಚಿಂತೆ" ಎಂದು ಬರೆದರೆ ಸಾಲದು. "ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿಯುತ್ತಿದೆ, ಮಾಲೀಕರು ಬಾಡಿಗೆ ಏರಿಸಿದರೆ ಡೊಂಬಿವಲಿಯಿಂದಲೂ ಆಚೆ ಹೋಗಬೇಕು" ಎಂದು ಬರೆಯಿರಿ. "ಊರಲ್ಲಿ ಅಮ್ಮ ಒಬ್ಬರೇ, ರಾತ್ರಿ ಬಿದ್ದರೆ ನೋಡುವವರಿಲ್ಲ." "ಚಾಳು ರೀಡೆವಲಪ್‌ಮೆಂಟಿಗೆ ಹೋಗಿದೆ, ಬಿಲ್ಡರು ಎರಡು ತಿಂಗಳಿಂದ ಬಾಡಿಗೆ ಹಣ ಹಾಕಿಲ್ಲ." "ಮಗ ಸರಿಯಾಗಿ ಮಾತಾಡಿ ಎಷ್ಟೋ ದಿನವಾಯಿತು." ಹೆಸರು, ತಾರೀಖು, ಮೊತ್ತ ಎಲ್ಲ ಇರಲಿ. ದೇವರಿಗೆ ಗೊತ್ತಿಲ್ಲವೆಂದು ಬರೆಯುವುದಲ್ಲ. ನಮಗೆ ಗೊತ್ತಾಗಲಿ ಎಂದು. ತಲೆಯಲ್ಲಿ ಸಾವಿರ ಇವೆ ಎನ್ನಿಸಿದ್ದು ಹಾಳೆಯ ಮೇಲೆ ಏಳೆಂಟಕ್ಕೆ ಇಳಿಯುವುದನ್ನು ನೀವೇ ನೋಡುತ್ತೀರಿ.

ಪ್ರತಿ ಸಾಲಿನ ಪಕ್ಕ, ಈ ವಾರ ನೀವು ಮಾಡಬೇಕಾದ ಕೆಲಸ ಇದ್ದರೆ ಬರೆಯಿರಿ: ಏಜೆಂಟರಿಗೆ ಫೋನು, ಊರಿನ ಪಕ್ಕದ ಮನೆಯವರ ಹತ್ತಿರ ಒಂದು ಬೀಗದ ಕೈ, ಸೊಸೈಟಿ ಕಮಿಟಿಗೆ ಅರ್ಜಿ. ಮಾಡಲು ಏನೂ ಇಲ್ಲದಿದ್ದರೆ "ಕರ್ತನ ಕೈಗೆ" ಎಂದು ಬರೆದು ತಾರೀಖು ಹಾಕಿ. ಆಮೇಲೆ ಒಂದೊಂದು ಸಾಲನ್ನೂ ಮೆಲ್ಲಗೆ ಬಾಯಿ ಬಿಟ್ಟು ದೇವರಿಗೆ ಓದಿ ಹೇಳಿ. ಪ್ರತಿಯೊಂದಕ್ಕೂ ಒಂದು ಸ್ತೋತ್ರ ಸೇರಿಸಿ, ಆದರೆ ನಿಜವಾದ ಸ್ತೋತ್ರ. ಅಮ್ಮ ಒಂಟಿಯಾಗಿರುವುದಕ್ಕೆ ಸ್ತೋತ್ರ ಹೇಳಬೇಕಿಲ್ಲ. ಅಮ್ಮ ಇನ್ನೂ ಇದ್ದಾರೆ ಎಂಬುದಕ್ಕೆ ಹೇಳಿ.

ಎಲ್ಲಿ ಎಡವುತ್ತೇವೆ: "ಎಲ್ಲವನ್ನೂ ನೋಡಿಕೊಳ್ಳಪ್ಪಾ" ಎಂದು ಒಂದೇ ಉಸಿರಿನಲ್ಲಿ ಮುಗಿಸುವುದು. ಹೀಗೆ ಕೊಟ್ಟ ಭಾರ ಹೆಗಲಿನಿಂದ ಇಳಿಯುವುದೇ ಇಲ್ಲ. ಇನ್ನೊಂದು, ಕೊಟ್ಟ ಅರ್ಧ ಗಂಟೆಗೇ ಅದೇ ಚಿಂತೆ ತಿರುಗಿ ಬಂತೆಂದು ಬೇಸರಪಡುವುದು. ಬಂದರೆ ಬರಲಿ. "ಕರ್ತನೇ, ಇದನ್ನು ಬೆಳಿಗ್ಗೆ ನಿನಗೆ ಕೊಟ್ಟಿದ್ದೇನೆ, ಈಗಲೂ ಕೊಡುತ್ತೇನೆ" ಎಂದು ಹೇಳಿ ಕೆಲಸಕ್ಕೆ ತಿರುಗಿ. ದಿನಕ್ಕೆ ಹತ್ತು ಸಲ ಹೇಳಬೇಕಾದರೂ ಅದು ಸೋಲಲ್ಲ.

2. ದೂರನ್ನು ದೇವರ ಮುಂದೆಯೇ ಹೇಳಿ

ಒಳ್ಳೆಯ ಕ್ರೈಸ್ತರು ಗೊಣಗಬಾರದು ಎಂದು ನಮಗೆ ಎಳವೆಯಿಂದ ಕಲಿಸಿದ್ದಾರೆ. ಆದರೆ ಬೈಬಲಿನ 150 ಕೀರ್ತನೆಗಳಲ್ಲಿ ಬಹಳಷ್ಟು ದೂರುಗಳೇ. 13ನೇ ಕೀರ್ತನೆ ತೆಗೆಯಿರಿ, ಆರೇ ವಚನಗಳು. ಮೊದಲ ಎರಡರಲ್ಲಿ "ಇನ್ನೆಷ್ಟರ ವರೆಗೆ?" ಎಂಬ ದೂರು, ನಡುವಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ಇದೇ ಅಚ್ಚಿನಲ್ಲಿ ನಿಮ್ಮದೊಂದು ಬರೆಯಿರಿ: ಎರಡು ಸಾಲು ದೂರು, ಎರಡು ಸಾಲು ಬೇಡಿಕೆ, ಎರಡು ಸಾಲು ನಂಬಿಕೆ. ಮೂರನೆಯದು ಬರದ ದಿನ ಎರಡಕ್ಕೇ ನಿಲ್ಲಿಸಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಪವಿತ್ರಗ್ರಂಥದಲ್ಲೇ ಇದೆ. ಗೆತ್ಸೇಮನೆ ತೋಟದಲ್ಲಿ ಯೇಸು ತನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ ಎಂದು ಸ್ನೇಹಿತರಿಗೆ ಹೇಳಿಕೊಂಡನು, ಜೊತೆಗಿರಿ ಎಂದು ಕೇಳಿಕೊಂಡನು. ಕಳವಳಪಡುವುದೇ ಪಾಪವಾಗಿದ್ದರೆ ಆತನ ಬಾಯಲ್ಲಿ ಆ ಮಾತು ಬರುತ್ತಿರಲಿಲ್ಲ.

3. ಮುರಿದ ಸಂಬಂಧಗಳನ್ನು ನೋಡಿಕೊಳ್ಳಿ

ಫಿಲಿಪ್ಪಿ ಪತ್ರಿಕೆಯ ಅದೇ ನಾಲ್ಕನೇ ಅಧ್ಯಾಯದಲ್ಲಿ, ಶಾಂತಿಯ ಮಾತಿಗಿಂತ ಮುಂಚೆ, ಸಭೆಯ ಇಬ್ಬರು ಸ್ತ್ರೀಯರ ಜಗಳ ಬರುತ್ತದೆ. ಒಂದೇ ಮನಸ್ಸಿನವರಾಗಿರಿ ಎಂದು ಪೌಲನು ಇಬ್ಬರನ್ನೂ ಹೆಸರು ಹಿಡಿದು ಬೇಡಿಕೊಳ್ಳುತ್ತಾನೆ. ಊರಿನ ಆಸ್ತಿಗಾಗಿ ಅಣ್ಣನೊಡನೆ ಮಾತು ಬಿಟ್ಟಿದ್ದರೆ, ಚಿಂತೆಯ ಪಟ್ಟಿಯಲ್ಲಿ ಅದೂ ಇದೆ, ನೀವು ಬರೆಯದೆ ಬಿಟ್ಟಿದ್ದೀರಿ ಅಷ್ಟೆ.

ದೇವರ ಮುಂದೆ ಒಪ್ಪಿಕೊಳ್ಳಬೇಕಾದದ್ದನ್ನು ಒಪ್ಪಿಕೊಳ್ಳಿ (1 ಯೋಹಾನ 1:9). ಕಥೋಲಿಕರಾದರೆ ಗುರುಗಳ ಬಳಿ ಪಾಪನಿವೇದನೆ ಇದೆ. ಮನುಷ್ಯರೊಂದಿಗೆ ಸರಿಮಾಡಿಕೊಳ್ಳಬೇಕಾದಲ್ಲಿ ಒಂದು ಫೋನ್ ಮಾಡಿ, ವಾದ ಮಾಡದೆ ಕ್ಷೇಮ ಕೇಳಿ. ಆ ಕಡೆಯವರು ಒಲಿಯದಿದ್ದರೆ ನಿಮ್ಮ ಪಾಲಿನದು ಮುಗಿಯಿತು.

ಇಲ್ಲೊಂದು ದೊಡ್ಡ ಅಪಾಯವಿದೆ. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಣ್ಣುಮಕ್ಕಳಿಗೆ "ಕ್ಷಮಿಸಿ ಸಹಿಸಿಕೋ, ಮನೆಯ ಶಾಂತಿ ಕೆಡಿಸಬೇಡ" ಎಂದು ಬುದ್ಧಿ ಹೇಳುವವರಿದ್ದಾರೆ. ಇದು ಸುವಾರ್ತೆಯಲ್ಲ. ಸಮಾಧಾನವಿಲ್ಲದಿದ್ದರೂ ಸಮಾಧಾನ, ಸಮಾಧಾನ ಎಂದು ಹೇಳಿ ಗಾಯವನ್ನು ಮೇಲೆ ಮೇಲೆ ವಾಸಿಮಾಡುವವರನ್ನು ಯೆರೆಮೀಯನು ಗದರಿಸಿದ್ದಾನೆ (6:14). ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕ್ಷಮಿಸುವುದಕ್ಕೆ ಮುಂಚೆ ಸುರಕ್ಷಿತವಾಗಿರಬೇಕು.

4. ಇವತ್ತಿನ ಅಳತೆಗೆ ಬದುಕಿ

ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನ ಸಿಕ್ಕಿದ್ದು ದಿನದ ಲೆಕ್ಕದಲ್ಲಿ. ನಾಳೆಗೆಂದು ಕೂಡಿಟ್ಟದ್ದು ಹುಳ ಬಿದ್ದು ನಾರಿತು. ಸಬ್ಬತ್ತಿನ ಹಿಂದಿನ ದಿನಕ್ಕೆ ಮಾತ್ರ ಎರಡರಷ್ಟು ಸಿಕ್ಕಿತು (ವಿಮೋಚನಕಾಂಡ 16). ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಕೇಳುವುದೂ ಅನುದಿನದ ಆಹಾರವನ್ನೇ. "ಆ ಹೊತ್ತಿನ ಕಾಟ ಆ ಹೊತ್ತಿಗೆ ಸಾಕು" (ಮತ್ತಾಯ 6:34).

ಹಾಗೆಂದು ವಿಮೆ, ಉಳಿತಾಯ, ಮಕ್ಕಳ ಓದಿನ ಯೋಜನೆ ಬೇಡವೆಂದಲ್ಲ. ಯೋಸೇಫನು ಐಗುಪ್ತದಲ್ಲಿ ಏಳು ವರ್ಷ ಧಾನ್ಯ ಕೂಡಿಟ್ಟನು. ಯೋಜನೆ ಮಾಡಲು ತಿಂಗಳಿಗೆ ಒಂದು ಸಂಜೆ ಗೊತ್ತುಮಾಡಿ, ಗಂಡ ಹೆಂಡತಿ ಒಟ್ಟಿಗೆ ಕೂತು ಇಎಂಐ, ಫೀಸು, ಊರಿಗೆ ಕಳಿಸುವ ಹಣ ಎಲ್ಲ ಬರೆದು ಮುಗಿಸಿ. ಉಳಿದ ದಿನಗಳಲ್ಲಿ ಆ ಲೆಕ್ಕ ತಲೆಗೆ ಬಂದಾಗ "ಅದಕ್ಕೆ ಬೇರೆ ದಿನವಿದೆ" ಎಂದು ಹೇಳಿಕೊಳ್ಳಬಹುದು.

5. ಲೋಕಲ್ ರೈಲಿನಲ್ಲೂ ಆಗುವಂಥ ಪ್ರಾರ್ಥನೆ

ವಿರಾರ್, ಕಲ್ಯಾಣ್‌ಗಳಿಂದ ದಿನಾ ಓಡಾಡುವವರಿಗೆ ಏಕಾಂತದ ಕೋಣೆ ಎಲ್ಲಿ? ಇವರಿಗೆ ಪೂರ್ವದ ಆರ್ಥೊಡಾಕ್ಸ್ ಸಭೆಗಳ ಹಳೆಯ ರೂಢಿ ಬಹಳ ಉಪಯೋಗ. "ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ" ಎನ್ನುತ್ತಾ ಉಸಿರು ಒಳಗೆ, "ಪಾಪಿಯಾದ ನನ್ನನ್ನು ಕರುಣಿಸು" ಎನ್ನುತ್ತಾ ಹೊರಗೆ. ನಿಧಾನವಾಗಿ, ಮನಸ್ಸಿನಲ್ಲೇ. ಗದ್ದಲದಲ್ಲಿ ನಿಂತೇ ಮಾಡಬಹುದು.

ಸೀಟು ಸಿಕ್ಕಿದ ದಿನ, ಅಥವಾ ಮನೆಯಲ್ಲಿ ಎಲ್ಲರೂ ಏಳುವ ಮುಂಚೆ, ಪವಿತ್ರ ವಾಚನ ಮಾಡಿ. ಲೆಕ್ಸಿಯೋ ದಿವೀನಾ ಎಂದು ಲ್ಯಾಟಿನಿನಲ್ಲಿ ಕರೆಯುವ, ಮಠಗಳಿಂದ ಬಂದ ಪದ್ಧತಿ ಇದು. ಒಂದು ಚಿಕ್ಕ ಭಾಗವನ್ನು ಓದುವುದು, ತಟ್ಟಿದ ಒಂದು ಮಾತನ್ನು ಮೆಲುಕು ಹಾಕುವುದು, ಅದನ್ನೇ ಹಿಡಿದು ದೇವರೊಂದಿಗೆ ಮಾತಾಡುವುದು, ಕೊನೆಗೆ ಸುಮ್ಮನಿರುವುದು. ಕಳವಳದ ದಿನಗಳಿಗೆ ಕೀರ್ತನೆ 23, 46, 121, 131, ಮತ್ತಾಯ 6:25-34, ರೋಮಾ 8:31-39 ಒಳ್ಳೆಯವು. 131ಕ್ಕೆ ಮೂರೇ ವಚನ, ಬಾಯಿಪಾಠ ಮಾಡಿಕೊಳ್ಳಿ.

ಯೇಸುಸಭೆಯ (ಜೆಸ್ವಿಟ್) ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲ (1491-1556) ಕಲಿಸಿದ ದಿನದ ಪರಿಶೀಲನೆ ರಾತ್ರಿಗೆ ಸರಿಹೋಗುತ್ತದೆ. ಬೆಳಿಗ್ಗೆಯಿಂದ ನಡೆದದ್ದನ್ನು ದೇವರೊಂದಿಗೆ ಮತ್ತೆ ನೋಡಿ: ಎಲ್ಲಿ ಆತನ ಕೃಪೆ ಕಂಡಿತು, ಎಲ್ಲಿ ತಪ್ಪಿದೆ, ನಾಳೆಗೆ ಏನು ಬೇಕು. ಐದೇ ನಿಮಿಷ ಸಾಕು. ಚಿಂತೆಯ ನೋಟ್‌ಬುಕ್ಕನ್ನು ಮಾತ್ರ ರಾತ್ರಿ ತೆರೆಯಬೇಡಿ.

ಮೊಬೈಲಿನ ವಿಷಯ ಹೇಳಲೇಬೇಕು. ಬೆಳಿಗ್ಗೆ ಹತ್ತು ಗುಂಪುಗಳಿಗೆ ವಾಗ್ದಾನ ವಚನ ಫಾರ್ವರ್ಡ್ ಮಾಡುವುದು ವಾಕ್ಯ ಓದಿದಂತಾಗದು. ಏಳುತ್ತಲೇ ಸುದ್ದಿ ನೋಡಿದರೆ ದೇವರ ಮಾತಿಗೆ ಮುಂಚೆ ಲೋಕದ ಭಯವೇ ಮನಸ್ಸಿಗೆ ಹೊಕ್ಕಿರುತ್ತದೆ. ಮೊದಲ ಇಪ್ಪತ್ತು ನಿಮಿಷ ಫೋನು ದೂರವಿರಲಿ.

6. ವಾರಕ್ಕೊಂದು ದಿನ ನಿಲ್ಲಿಸಿ

ವಿಶ್ರಾಂತಿ ದಶಾಜ್ಞೆಗಳಲ್ಲಿ ಒಂದು, ಮನಸ್ಸಾದರೆ ಮಾಡುವ ಸಂಗತಿಯಲ್ಲ. ಭಾನುವಾರ ರಜೆ ಇಲ್ಲದವರು ಬೇರೆ ದಿನ ಹಿಡಿಯಿರಿ. ಆ ಆಜ್ಞೆಯಲ್ಲಿ ಮನೆಯ ಆಳಿಗೂ ವಿಶ್ರಾಂತಿ ಹೇಳಿದೆ. ನಿಮ್ಮ ಮನೆಗೆಲಸಕ್ಕೆ ಬರುವವರಿಗೂ ವಾರಕ್ಕೊಂದು ದಿನ ಸಂಬಳ ಹಿಡಿಯದೆ ರಜೆ ಕೊಡಿ.

7. ಒಬ್ಬರೇ ಹೊರಬೇಡಿ

ಒಬ್ಬರ ಭಾರವನ್ನೊಬ್ಬರು ಹೊತ್ತುಕೊಳ್ಳಬೇಕೆಂಬುದು ಗಲಾತ್ಯ 6:2ರ ಮಾತು. ಮುಂಬೈ, ಠಾಣೆಗಳ ಕೆಲವು ಸಭೆಗಳಲ್ಲಿ ಕನ್ನಡ ಆರಾಧನೆ ನಡೆಯುತ್ತದೆ, ಎಷ್ಟೋ ಕಡೆ ಮಧ್ಯಾಹ್ನ ಅಥವಾ ಸಂಜೆ. ನಿಮ್ಮ ಊರಿನ ಸಭೆಯ ಅಯ್ಯನವರನ್ನು ಕೇಳಿದರೆ ಇಲ್ಲಿ ಯಾರಿದ್ದಾರೆಂದು ತಿಳಿಯುತ್ತದೆ. ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಎದ್ದುಬಂದರೆ ಸಾಲದು. ಮನೆ ಪ್ರಾರ್ಥನಾಕೂಟಕ್ಕೆ ಹೋಗಿ, ಅಲ್ಲಿ ಒಬ್ಬರನ್ನು ಗುರುತಿಸಿಕೊಳ್ಳಿ. ಹೇಗೆ ಗುರುತಿಸುವುದು? ಇನ್ನೊಬ್ಬರ ಮನೆಯ ಗುಟ್ಟನ್ನು 'ಪ್ರಾರ್ಥನೆಗಾಗಿ' ಎಂದು ನಿಮಗೆ ಹೇಳುವವರು ನಿಮ್ಮದನ್ನೂ ಹೇಳುತ್ತಾರೆ, ಅವರು ಬೇಡ. ನೀವು ಅತ್ತಾಗ ತಕ್ಷಣ ವಚನ ಹೇಳದೆ ಸುಮ್ಮನೆ ಕೂತಿರಬಲ್ಲವರು ಸಿಕ್ಕರೆ ಅವರೇ. ವಾರಕ್ಕೊಮ್ಮೆ ಮಾತಾಡಿ, ನೋಟ್‌ಬುಕ್ಕಿನ ಒಂದೆರಡು ಸಾಲು ಓದಿ ಹೇಳಿ. ಕರ್ತನ ಭೋಜನವನ್ನು ತಪ್ಪಿಸಬೇಡಿ. ನಮ್ಮ ಮನಸ್ಸು ಒಣಗಿದ ದಿನವೂ ಅದು ಕೈಗೆ ಬರುವ ಕೃಪೆ.

ಮಾಹಿಮ್‌ನ ಸಂತ ಮೈಕಲರ ದೇವಾಲಯದ ಬುಧವಾರದ ನೊವೆನಾಕ್ಕೆ ಎಲ್ಲ ಧರ್ಮದವರೂ ಹೋಗುತ್ತಾರೆ. ನೊವೆನಾ ಎಂದರೆ ಒಂಬತ್ತು ದಿನ ಅಥವಾ ಒಂಬತ್ತು ವಾರ ಬಿಡದೆ ಮಾಡುವ ಪ್ರಾರ್ಥನೆ. ಅಲ್ಲಿಗೆ ಹೋಗುವ ಕಥೋಲಿಕ ಬಂಧುಗಳಿಗೆ ಒಂದೇ ಮಾತು: ಒಂಬತ್ತು ವಾರಕ್ಕೆ ಇಂಥದ್ದು ಎಂಬ ಒಪ್ಪಂದವಾಗಿ ಮಾಡಬೇಡಿ, ಮಗು ತಾಯಿತಂದೆಯರ ಹತ್ತಿರ ಹೋಗುವಂತೆ ಹೋಗಿ.

ಹಣ ಕೇಳುವವರ ಬಗ್ಗೆ ಜಾಗ್ರತೆ. "ಇಷ್ಟು ಸಾವಿರ ಬೀಜಕಾಣಿಕೆ ಹಾಕಿ, ಸಾಲ ತೀರುತ್ತದೆ" ಎನ್ನುವವರಿಂದ ದೂರವಿರಿ. ದೇವರ ವರವನ್ನು ಹಣಕ್ಕೆ ಕೊಳ್ಳಬಹುದೆಂದುಕೊಂಡ ಸೀಮೋನನಿಗೆ ಪೇತ್ರನು ಹೇಳಿದ್ದನ್ನು ಅಪೊಸ್ತಲರ ಕೃತ್ಯಗಳು 8ರಲ್ಲಿ ಓದಿ.

8. ಈ ಊರಿನ ಒಳಿತಿಗಾಗಿ ಬೇಡಿ

ನಮ್ಮ ಮನೆಗಳ ಗೋಡೆಯ ಮೇಲೆ ಯೆರೆಮೀಯ 29:11 ಇರುತ್ತದೆ: ದೇವರ ಆಲೋಚನೆಗಳು ಹಿತಕರವಾದವು, ನಮಗೆ ನಿರೀಕ್ಷೆ ಕೊಡುವಂಥವು ಎಂಬ ವಚನ. ಅದರ ಹಿಂದಿನ ವಚನವನ್ನು ಯಾರೂ ತೂಗುಹಾಕುವುದಿಲ್ಲ. ಅದರಲ್ಲಿ ಎಪ್ಪತ್ತು ವರ್ಷ ಕಾಯಬೇಕೆಂದಿದೆ. ಇದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎನ್ನುತ್ತದೆ ಏಳನೇ ವಚನದವರೆಗಿನ ಭಾಗ.

ಬದುಕು ಊರಿನಲ್ಲಿದೆ, ಇಲ್ಲಿರುವುದು ದುಡಿಮೆ ಮಾತ್ರ ಎಂದುಕೊಂಡವರ ಮನಸ್ಸು ಎರಡೂ ಕಡೆ ನಿಲ್ಲುವುದಿಲ್ಲ. ಚಿಂತೆಯ ಪಟ್ಟಿಯ ಕೆಳಗೆ ನಿಮ್ಮದಲ್ಲದ ಒಂದು ಸಾಲು ಸೇರಿಸಿ: ಪಕ್ಕದ ಖೋಲಿಯ ಮರಾಠಿ ಅಜ್ಜಿಯ ಕಾಲುನೋವು, ವಾಚ್‌ಮನ್ನನ ಮಗಳ ಪರೀಕ್ಷೆ. ಅವರಿಗಾಗಿ ಬೇಡಿ, ಆಗುವುದನ್ನು ಮಾಡಿ. ಚಿಂತೆ ಮನುಷ್ಯನನ್ನು ತನ್ನೊಳಗೇ ಮಡಚಿಬಿಡುತ್ತದೆ. ಹೊರಗಿನವರ ಒಂದು ಹೆಸರು ಆ ಮಡಿಕೆಯನ್ನು ಬಿಚ್ಚುವುದನ್ನು ನಾನು ಬಹಳ ಜನರಲ್ಲಿ ನೋಡಿದ್ದೇನೆ.

ಮತ್ತೆ ಮತ್ತೆ ಬರುವ ಇನ್ನೂ ಕೆಲವು ಪ್ರಶ್ನೆಗಳು

ಎಷ್ಟು ದಿನ ಬೇಕು? ಗಡುವು ಇಲ್ಲ. ತಿಂಗಳ ಕೊನೆಗೆ ನೋಟ್‌ಬುಕ್ಕು ತಿರುವಿ ನೋಡಿ. ಕೆಲವು ಸಾಲುಗಳು ತೀರಿರುತ್ತವೆ, ಕೆಲವು ಹಾಗೆಯೇ ಇರುತ್ತವೆ, ಕೆಲವನ್ನು ಏಕೆ ಬರೆದಿರೆಂದೇ ನೆನಪಿರುವುದಿಲ್ಲ.

ಪ್ರಾರ್ಥಿಸುವಾಗ ಏನೂ ಅನ್ನಿಸುವುದಿಲ್ಲವಲ್ಲ? ಅನ್ನಿಸಲೇಬೇಕೆಂದು ಎಲ್ಲೂ ಹೇಳಿಲ್ಲ. ದೇವರು ನಮ್ಮನ್ನು ಕಾಯುತ್ತಾನೆ ಎಂದಿದೆ, ಹಾಗೆ ಕಾಯುವುದು ಪ್ರತಿ ಗಳಿಗೆಯೂ ನಮಗೆ ಕಾಣಬೇಕಿಲ್ಲ.

ಗಂಡ ಅಥವಾ ಹೆಂಡತಿ ವಿಶ್ವಾಸಿಯಲ್ಲ, ಏನು ಮಾಡಲಿ? ಅವರಿಗೆ ಪ್ರಸಂಗ ಬೇಡ. ನಾಲ್ಕನೇ ಹಂತದ ತಿಂಗಳ ಲೆಕ್ಕ ಇಬ್ಬರೂ ಕೂಡಿಯೇ ಮಾಡಿ. ಪ್ರಾರ್ಥನೆಯನ್ನು ಅವರ ಊಟ, ನಿದ್ದೆಗೆ ತೊಂದರೆಯಾಗದ ಹೊತ್ತಿಗೆ ಇಟ್ಟುಕೊಳ್ಳಿ.

ರಾತ್ರಿ ಪಾಳಿಯವರು? ಗಡಿಯಾರ ಮುಖ್ಯವಲ್ಲ. ನಿಮಗೆ ಸಂಜೆ ನಾಲ್ಕಕ್ಕೆ ಬೆಳಗಾದರೆ ಆಗ ನೋಟ್‌ಬುಕ್ಕು ಮತ್ತು ಕೀರ್ತನೆ. ಪಾಳಿ ಮುಗಿದು ಮೊದಲ ಲೋಕಲ್ ಹಿಡಿದು ಮನೆಗೆ ಬರುವಾಗ ದಿನದ ಪರಿಶೀಲನೆ. ಕಿಟಕಿಗೆ ದಪ್ಪ ಪರದೆ ಹಾಕಿ, ಫೋನು ಬೇರೆ ಕೋಣೆಯಲ್ಲಿಟ್ಟು ಮಲಗಿ.